ಹೇಳಬೇಕಾದಾಗ ಬಾಯಿ ಕಟ್ಟಿಹೋಗುತ್ತದೆ. ದಿನನಿತ್ಯದ ಧೈರ್ಯವನ್ನು ನೀವು ಹೇಗೆ ಬೆಳೆಸಿಕೊಂಡಿರಿ?

ಲೆಕ್ಕದಪುಸ್ತಕ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಮೇಲಿನವರ ಮುಂದೆ ವರದಿ ಓದುತ್ತಿದ್ದರು. ಎರಡನೇ ಪುಟದಲ್ಲಿ ಒಂದೇ ಖರ್ಚು ಎರಡು ಕಡೆ ಸೇರಿಬಿಟ್ಟಿತ್ತು. ನನಗೆ ತಕ್ಷಣ ಕಂಡಿತು. ಮಾತು ತುಟಿಯವರೆಗೆ ಬಂತು. ಅಷ್ಟರಲ್ಲಿ ಗಂಟಲು ಒಣಗಿತು, ಎದೆ ಡವಡವ ಅನ್ನತೊಡಗಿತು. ಎಲ್ಲರೂ ತಲೆಯಾಡಿಸುತ್ತಿದ್ದರು. ನಾನೂ ತಲೆಯಾಡಿಸಿದೆ.

ನಾಲ್ಕು ದಿನದ ಮೇಲೆ ತಪ್ಪು ಹೊರಬಿತ್ತು. ವರದಿ ಸಿದ್ಧ ಮಾಡಿದ್ದ ಹುಡುಗಿ ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿಲ್ಲ. ಎಲ್ಲರೆದುರು ಬೈಸಿಕೊಂಡಳು. ನಿಜ ಹೇಳಬೇಕೆಂದರೆ ಆ ಅಂಕಿಗಳನ್ನು ಅವಳಿಗೆ ಹಾಗೇ ಕಳಿಸಿದ್ದು ಮ್ಯಾನೇಜರ್. ಆ ಮೇಲ್ ನನಗೂ ಬಂದಿತ್ತು. ಆಗಲೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವಳು ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತದ್ದು ಇವತ್ತಿಗೂ ಕಣ್ಣಮುಂದೆ ಇದೆ.

ಮನೆಯಲ್ಲೂ ಇದೇ ಕತೆ. ಅಣ್ಣ ಕೇಳಿದಾಗಲೆಲ್ಲ ದುಡ್ಡು ಕೊಡುತ್ತೇನೆ. ಇಲ್ಲ ಅನ್ನುವುದು ಬಾಯಿಗೆ ಬರುವುದಿಲ್ಲ. ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ.

ಬೆಂಕಿಗೆ ಹಾರಿ ಯಾರನ್ನೋ ಉಳಿಸುವ ಧೈರ್ಯ ನನಗೆ ಬೇಡ. ಸಣ್ಣ ಸಣ್ಣ ಕಡೆ ಸರಿಯಾದ ಮಾತು ಹೇಳುವ ಧೈರ್ಯ ಬೇಕು. ಇದು ಹುಟ್ಟಿನಿಂದ ಬರುವುದೋ, ಅಭ್ಯಾಸದಿಂದ ಬರುವುದೋ? ಹಿಂಜರಿಕೆಯಿಂದ ಹೊರಬಂದವರು ದಯವಿಟ್ಟು ಹೇಳಿ.

ಎರಡನೇಗೇರ್

ಅಭ್ಯಾಸದಿಂದ ಬರುತ್ತದೆ. ನನ್ನ ವಿಷಯದಲ್ಲಿ ಹಾಗೇ ಬಂತು.

ನಾಲ್ಕು ವರ್ಷದ ಹಿಂದೆ ನನ್ನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತು. ಮೈಗೆ ಹೆಚ್ಚು ಪೆಟ್ಟಾಗಲಿಲ್ಲ. ಆದರೆ ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುತ್ತಿತ್ತು. ಒಂದು ತಿಂಗಳು ಬಿಟ್ಟು ಓಡಿಸಿದರಾಯಿತು ಅಂದುಕೊಂಡೆ. ಒಂದು ತಿಂಗಳು ಎಂಟು ತಿಂಗಳಾಯಿತು. ಇಷ್ಟು ದಿನ ದೂರ ಇದ್ದರೆ ಭಯ ಕಡಿಮೆ ಆಗಬೇಕಿತ್ತು ಅಲ್ವಾ? ಅದು ಇನ್ನೂ ಬೆಳೆದಿತ್ತು.

ಕೌನ್ಸೆಲರ್ ಹತ್ತಿರ ಹೋದಾಗ ಕಾರಣ ತಿಳಿಯಿತು. ಹೆದರಿಕೆಯ ಜಾಗದಿಂದ ದೂರ ಸರಿದ ಕೂಡಲೇ ಮನಸ್ಸು ಹಗುರ ಆಗುತ್ತದೆ. ಆ ಹಗುರವೇ ಒಂದು ಬಹುಮಾನ. ಹಾಗಾಗಿ ಮುಂದಿನ ಸಲವೂ ಮನಸ್ಸು ದೂರವೇ ಸರಿಯುತ್ತದೆ. ಮೀಟಿಂಗಿನಲ್ಲಿ ಸುಮ್ಮನಾದ ಆ ಕ್ಷಣ ನಿಮಗೂ ಒಂದು ನಿರಾಳ ಸಿಕ್ಕಿರಬೇಕು. ನೋಡಿ, ಭಯ ಅದನ್ನೇ ತಿಂದು ದಪ್ಪ ಆಗುವುದು.

ಅವರು ನನ್ನಿಂದ ಒಂದು ಏಣಿ ಬರೆಸಿದರು. ಕೆಳಗಿನ ಮೆಟ್ಟಿಲು: ನಿಂತ ಕಾರಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುವುದು. ಆಮೇಲೆ ಎಂಜಿನ್ ಶುರು ಮಾಡಿ ಕೂರುವುದು. ಆಮೇಲೆ ಖಾಲಿ ಮೈದಾನದಲ್ಲಿ ಒಂದು ಸುತ್ತು. ಲಾರಿ ಓಡಾಡುವ ಹೆದ್ದಾರಿ ಎಲ್ಲಕ್ಕಿಂತ ಮೇಲೆ. ಒಂದು ಮೆಟ್ಟಿಲಲ್ಲಿ ಎದೆಬಡಿತ ತಾನಾಗಿ ಇಳಿಯುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. ನಡುವೆ ಎದ್ದು ಓಡುವಂತೆಯೂ ಇಲ್ಲ.

ಇದು ಹೊಸ ವಿದ್ಯೆ ಅಲ್ಲ. 1924ರಲ್ಲೇ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲ ಕಂಡರೆ ಅಳುತ್ತಿದ್ದ ಒಬ್ಬ ಪುಟ್ಟ ಹುಡುಗನ ಬಗ್ಗೆ ಬರೆದಿದ್ದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನ ದಿನಕ್ಕೂ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನು ಅದೇ ಮೊಲದ ಜೊತೆ ಆಡುತ್ತಿದ್ದ. 1950ರ ದಶಕದಲ್ಲಿ ಜೋಸೆಫ್ ವೋಲ್ಪಿ ಎಂಬ ವೈದ್ಯರು ದೊಡ್ಡವರಿಗೂ ಇಂಥ ಮೆಟ್ಟಿಲುಗಳ ಚಿಕಿತ್ಸೆಯನ್ನು ಕ್ರಮವಾಗಿ ರೂಪಿಸಿದರು.

ನಿಮ್ಮ ಏಣಿಯ ಮೇಲಿನ ಮೆಟ್ಟಿಲು ಆ ಮೀಟಿಂಗ್. ನೀವು ನೇರವಾಗಿ ಅಲ್ಲಿಗೇ ಹಾರಲು ನೋಡಿದಿರಿ. ಕೆಳಗೆ ಏನೇನಿದೆ, ಬರೆದು ನೋಡಿ.

ಹಳೇಸೈಕಲ್

ನಾನು ವಿಮಾನ ರಿಪೇರಿ ಕೆಲಸದಲ್ಲಿದ್ದು ನಿವೃತ್ತನಾದವನು. ನಮ್ಮ ತರಬೇತಿಯಲ್ಲಿ ಒಂದು ಘಟನೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

1977ರ ಮಾರ್ಚ್ 27, ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇಯಲ್ಲಿ ಎರಡು ದೊಡ್ಡ 747 ವಿಮಾನಗಳು, ಒಂದು ಕೆಎಲ್ಎಂ ಎಂಬ ವಿಮಾನ ಸಂಸ್ಥೆಯದು, ಇನ್ನೊಂದು ಪ್ಯಾನ್ ಅಮೆರಿಕನ್ ಸಂಸ್ಥೆಯದು. ಕೆಎಲ್ಎಂ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ತುಂಬ ಹಿರಿಯರು, ಬೇರೆ ಪೈಲಟ್‌ಗಳಿಗೆ ಕಲಿಸುತ್ತಿದ್ದವರು. ಹಾರಲು ಅನುಮತಿ ಸಿಗುವ ಮೊದಲೇ ವಿಮಾನ ಓಡಿಸತೊಡಗಿದರು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಪ್ಯಾನ್ ಅಮೆರಿಕನ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡಿನಲ್ಲಿ ಎರಡೂ ವಿಮಾನ ಡಿಕ್ಕಿಯಾದವು. 583 ಜನ ಸತ್ತರು.

ಆ ಎಂಜಿನಿಯರ್ ಹೇಡಿ ಆಗಿರಲಿಲ್ಲ. ಬಾಯಿ ಬಿಟ್ಟವರು ಅವರೇ. ಆದರೆ ಅನುಮಾನವನ್ನು ಪ್ರಶ್ನೆಯಾಗಿ ಕೇಳಿದರು. ದೊಡ್ಡವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತದೆ. ಈ ಅಪಘಾತದ ನಂತರ ವಿಮಾನ ಕ್ಷೇತ್ರದಲ್ಲಿ ಕಿರಿಯರಿಗೆ ಗಟ್ಟಿಯಾಗಿ ಹೇಳುವುದನ್ನೂ, ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ಒಂದು ಪಾಠವಾಗಿಯೇ ಕಲಿಸಲು ಶುರು ಮಾಡಿದರು. ಬರೀ ‘ಧೈರ್ಯವಾಗಿರಿ’ ಎಂದು ಬಿಟ್ಟುಬಿಡಲಿಲ್ಲ. ಯಾವ ಮಾತು, ಯಾವ ಕ್ರಮದಲ್ಲಿ ಹೇಳಬೇಕು ಎಂದು ಅಭ್ಯಾಸ ಮಾಡಿಸಿದರು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ.

ನಾನು ಕಲಿತ ಕ್ರಮ ಹೀಗೆ. ಮೊದಲು ಎದುರಿನವರ ಹೆಸರು ಹಿಡಿದು ಕರೆಯುವುದು. ಆಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳುವುದು. ಆಮೇಲೆ ಏನು ಮಾಡಬಹುದು ಎಂದು ಹೇಳುವುದು. ಕೊನೆಗೆ ಒಪ್ಪಿಗೆ ಕೇಳುವುದು. ನಿಮ್ಮ ಮೀಟಿಂಗಿಗೆ ಹಾಕಿದರೆ: ‘ಸರ್, ಎರಡನೇ ಪುಟದ ಖರ್ಚು ಐದನೇ ಸಾಲಿನಲ್ಲೂ ಇದೆ, ಒಂಬತ್ತನೇ ಸಾಲಿನಲ್ಲೂ ಇದೆ. ಮುಂದೆ ಹೋಗುವ ಮೊದಲು ಎರಡು ನಿಮಿಷ ನೋಡಿಬಿಡೋಣ. ಆಗಬಹುದಾ?’ ಇದರಲ್ಲಿ ಯಾರ ಮೇಲೂ ದೂರಿಲ್ಲ.

ರಾತ್ರಿಪಾಳಿ

ಹಳೇಸೈಕಲ್ ಸರ್ ಹೇಳಿದ ಪಾಠ ನಮ್ಮ ಕೆಲಸಕ್ಕೂ ಬಂದಿದೆ. ನಾನು ನರ್ಸ್, ಆಪರೇಷನ್ ಥಿಯೇಟರಿನಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಚೆಕ್‌ಲಿಸ್ಟ್ ಕೊಟ್ಟಿತು. ಅದರಲ್ಲಿ ಕತ್ತರಿ ಹಾಕುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ದಿನಾ ನೋಡುವ ಮುಖಗಳೇ, ಇದು ಯಾಕೆ ಅಂತ ಮೊದಮೊದಲು ನನಗೂ ಅನಿಸಿತ್ತು. ಆಮೇಲೆ ಅರ್ಥ ಆಯಿತು. ಒಮ್ಮೆ ದನಿ ಹೊರಗೆ ಬಂದರೆ ಎರಡನೇ ಸಲ ಸುಲಭ. ಒಂದು ಗಂಟೆ ಬಾಯಿ ಮುಚ್ಚಿ ನಿಂತವರಿಗೆ ಆಮೇಲೆ ಗಟ್ಟಿಯಾಗಿ ಒಂದು ಮಾತು ಹೇಳುವುದು ತುಂಬ ಕಷ್ಟ.

ಹಾಗಾಗಿ ಯಾವ ಮೀಟಿಂಗಾದರೂ ಮೊದಲ ಐದು ನಿಮಿಷದಲ್ಲಿ ಏನಾದರೂ ಹೇಳಿಬಿಡಿ. ದೊಡ್ಡದೇನೂ ಬೇಡ. ‘ಹಿಂದಿನ ಸಾಲಿಗೆ ಸರಿಯಾಗಿ ಕಾಣುತ್ತಿಲ್ಲ, ಸ್ವಲ್ಪ ದೊಡ್ಡದು ಮಾಡುತ್ತೀರಾ’ ಅಂದರೂ ಸಾಕು.

ಇನ್ನೊಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಔಷಧದ ಪ್ರಮಾಣದಲ್ಲಿ ಚುಕ್ಕಿ ಒಂದು ಮನೆ ಆಚೆ ಬಿದ್ದಿತ್ತು. ಹತ್ತು ಪಟ್ಟು ಜಾಸ್ತಿ. ಬರೆದವರು ಹಿರಿಯ ವೈದ್ಯರು. ನನ್ನ ಮೊಣಕಾಲು ಅಕ್ಷರಶಃ ನಡುಗುತ್ತಿತ್ತು. ‘ಡಾಕ್ಟರ್, ಈ ಪ್ರಮಾಣ ಕೊಡಲು ನನಗೆ ಆತಂಕ ಆಗುತ್ತಿದೆ, ನೀವು ಇನ್ನೊಮ್ಮೆ ನೋಡಬೇಕು’ ಅಂದೆ. ದನಿ ಕೀರಲಾಗಿತ್ತು. ಅವರು ನೋಡಿದರು, ತಿದ್ದಿದರು, ಹೊರಟುಹೋದರು. ಶಭಾಷ್ ಅನ್ನಲಿಲ್ಲ, ಬೈಯಲೂ ಇಲ್ಲ. ನಾನು ಸ್ಟೋರ್ ರೂಮಿಗೆ ಹೋಗಿ ಅತ್ತೆ. ನಡುಕ ನಿಲ್ಲಲಿ, ಆಮೇಲೆ ಮಾತಾಡೋಣ ಅಂತ ಕಾದಿದ್ದರೆ ಆ ರೋಗಿಗೆ ಏನಾಗುತ್ತಿತ್ತೋ.

ಕಡ್ಡಿಪೆಟ್ಟಿಗೆ

ಎಲ್ಲರೂ ಮಾತಾಡಿ ಮಾತಾಡಿ ಅನ್ನುತ್ತಿದ್ದೀರಿ. ನಾನು ಮಾತಾಡಿ ಕೆಲಸ ಕಳೆದುಕೊಂಡವನು. ಅದನ್ನೂ ಹೇಳಬೇಕು.

ಹಿಂದಿನ ಕೆಲಸದಲ್ಲಿ ಒಂದು ಯಂತ್ರದ ಸುರಕ್ಷತೆಯ ಬಾಗಿಲನ್ನು ತಂತಿ ಕಟ್ಟಿ ತೆರೆದಿಟ್ಟು ಓಡಿಸುತ್ತಿದ್ದರು. ಎಲ್ಲರೆದುರು ಎದ್ದು ನಿಂತು ಹೇಳಿದೆ. ಮೂರು ತಿಂಗಳಲ್ಲಿ ನನ್ನನ್ನು ಹೊರಗೆ ಹಾಕಲು ಬೇರೆ ಕಾರಣ ಹುಡುಕಿದರು. ಆಗ ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ಚಾಲೆಂಜರ್ ಬಾಹ್ಯಾಕಾಶ ನೌಕೆಯ ವಿಷಯ ನಿಮಗೆಲ್ಲ ಗೊತ್ತು. 1986ರ ಜನವರಿ 28ರಂದು ಹಾರಿದ 73 ಸೆಕೆಂಡಿನಲ್ಲಿ ಛಿದ್ರವಾಯಿತು, ಏಳು ಜನ ಹೋದರು. ಹಿಂದಿನ ರಾತ್ರಿ ರೋಜರ್ ಬೋಜೊಲಿ ಮತ್ತು ಅವರ ಜೊತೆಯ ಎಂಜಿನಿಯರುಗಳು, ಈ ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಹಾರಿಸಬೇಡಿ ಎಂದು ಪಟ್ಟು ಹಿಡಿದಿದ್ದರು. ಅದಕ್ಕೂ ಆರು ತಿಂಗಳ ಮೊದಲೇ ಅವರು ಈ ಅಪಾಯವನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದರು. ಯಾರೂ ಕೇಳಲಿಲ್ಲ. ದುರಂತದ ನಂತರ ತನಿಖೆಯ ಮುಂದೆ ನಿಜ ಹೇಳಿದ್ದಕ್ಕೆ ಸಹೋದ್ಯೋಗಿಗಳೇ ಅವರನ್ನು ದೂರ ಇಟ್ಟರು. ಕೊನೆಗೆ ಆ ಕೆಲಸವನ್ನೇ ಬಿಟ್ಟರು.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ಮಾತಾಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಮಾತಾಡಿದ ರೀತಿಗೆ ಇದೆ. ಮೊದಲು ಒಬ್ಬರನ್ನು ಪ್ರತ್ಯೇಕವಾಗಿ ಕಂಡು ಹೇಳಬಹುದಿತ್ತು. ದಿನಾಂಕ ಹಾಕಿ ಬರೆದಿಡಬಹುದಿತ್ತು. ನಿಯಮ ಏನು ಹೇಳುತ್ತದೆ ಎಂದು ಓದಿಕೊಳ್ಳಬಹುದಿತ್ತು. ಮೂರು ತಿಂಗಳ ಖರ್ಚಿಗೆ ದುಡ್ಡು ಕೂಡಿಟ್ಟುಕೊಳ್ಳಬಹುದಿತ್ತು. ಬ್ಯಾಂಕಿನಲ್ಲಿ ಸ್ವಲ್ಪ ಹಣ ಇದ್ದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇದನ್ನು ಯಾರೂ ಧೈರ್ಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಬೇಕು.

ತಿಳಿನೀರು

ಕಡ್ಡಿಪೆಟ್ಟಿಗೆ ಅವರೇ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಆ ದಿನ ನಿಮ್ಮ ಪಕ್ಕದಲ್ಲಿ ಇನ್ನೊಬ್ಬರು ಎದ್ದು ನಿಂತಿದ್ದರೆ?

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಸಾಲಮನ್ ಆಶ್ ಅವರು 1950ರ ದಶಕದಲ್ಲಿ ಮಾಡಿದ ಪ್ರಯೋಗವನ್ನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ಸಲ ನನಗೇ ಮೈ ಜುಮ್ ಅನ್ನುತ್ತದೆ. ಒಂದು ಗೆರೆ ತೋರಿಸಿ, ಇನ್ನು ಮೂರರಲ್ಲಿ ಅಷ್ಟೇ ಉದ್ದದ್ದು ಯಾವುದು ಎಂದು ಕೇಳುತ್ತಾರೆ. ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿರುವ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. ಒಬ್ಬರ ಹಿಂದೆ ಒಬ್ಬರು ಬೇಕೆಂದೇ ತಪ್ಪು ಗೆರೆ ತೋರಿಸುತ್ತಾರೆ. ಏನೂ ತಿಳಿಯದೆ ಬಂದ ಆ ಒಬ್ಬ ವ್ಯಕ್ತಿ ಏನು ಮಾಡುತ್ತಾನೆ? ಸುಮಾರು ಮೂರನೇ ಒಂದರಷ್ಟು ಸಲ ಗುಂಪಿನ ಜೊತೆ ಸೇರಿ ತಪ್ಪು ಉತ್ತರ ಕೊಟ್ಟರು. ನಾಲ್ಕರಲ್ಲಿ ಮೂರು ಜನ ಕನಿಷ್ಠ ಒಂದು ಸಲವಾದರೂ ಗುಂಪಿಗೆ ತಲೆಬಾಗಿದರು. ಲೆಕ್ಕದಪುಸ್ತಕ ಅವರೇ, ನೀವು ತಲೆಯಾಡಿಸಿದ್ದರಲ್ಲಿ ನೀವು ಒಬ್ಬರೇ ಅಲ್ಲ.

ಮುಖ್ಯವಾದದ್ದು ಇಲ್ಲಿದೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವಂತೆ ಮಾಡಿದಾಗ, ತಲೆಬಾಗುವುದು ಮೊದಲಿದ್ದುದರ ಕಾಲು ಭಾಗಕ್ಕೆ ಇಳಿಯಿತು. ಒಬ್ಬರು ಸಾಕು!

ರೋಸಾ ಪಾರ್ಕ್ಸ್ ಬಗ್ಗೆ ನಾವು ಹೇಳುವ ರೀತಿಯೂ ನನಗೆ ಸರಿ ಕಾಣುವುದಿಲ್ಲ. ಅಮೆರಿಕದಲ್ಲಿ ದಣಿದಿದ್ದ ಒಬ್ಬ ಕಪ್ಪು ಟೈಲರ್ ಹೆಂಗಸು, ಒಂದು ದಿನ ಇದ್ದಕ್ಕಿದ್ದಂತೆ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ ಅನ್ನುತ್ತೇವೆ. 1955ರ ಡಿಸೆಂಬರ್ 1ಕ್ಕೆ ಮೊದಲು ಅವರು ಹಲವು ವರ್ಷ ಮಾಂಟ್‌ಗೊಮರಿಯಲ್ಲಿ ಕಪ್ಪು ಜನರ ಹಕ್ಕುಗಳ ಸಂಘಟನೆಯ ಕಾರ್ಯದರ್ಶಿಯಾಗಿ ದುಡಿದಿದ್ದರು. ಅದೇ ಬೇಸಿಗೆಯಲ್ಲಿ, ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಹೈಲ್ಯಾಂಡರ್ ಶಾಲೆಯ ಕಾರ್ಯಾಗಾರಕ್ಕೆ ಹೋಗಿ ಬಂದಿದ್ದರು. ಅವರ ಬಂಧನದ ನಂತರ ಜನ ಬಸ್ ಹತ್ತದೆ ಉಳಿದದ್ದು 381 ದಿನ. ಆ ಒಂದು ‘ಇಲ್ಲ’ದ ಹಿಂದೆ ವರ್ಷಗಳ ತಯಾರಿ ಇತ್ತು, ಮುಂದೆ ಸಾವಿರಾರು ಜನರ ಜೊತೆ ಇತ್ತು. ಒಂಟಿ ಧೈರ್ಯದ ಕತೆಗಳನ್ನೇ ಕೇಳಿ ಬೆಳೆದಿದ್ದರಿಂದ, ಒಂಟಿಯಾಗಿ ಆಗದಿದ್ದಾಗ ನಮ್ಮನ್ನು ನಾವೇ ಪುಕ್ಕಲು ಅಂದುಕೊಳ್ಳುತ್ತೇವೆ.

ಹಾಗಾಗಿ ನನ್ನ ಮಾತು ಇಷ್ಟೇ. ಮ್ಯಾನೇಜರ್ ಹತ್ತಿರ ಹೋಗುವುದನ್ನು ಆಮೇಲೆ ನೋಡೋಣ. ಮೊದಲು ಆ ಹುಡುಗಿಯ ಹತ್ತಿರ ಹೋಗಿ. ಅವಳಿಗೆ ಈಗ ಆ ಒಬ್ಬರು ಬೇಕಾಗಿದೆ.

ಲೆಕ್ಕದಪುಸ್ತಕ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡು ಸಲ ಓದಿದೆ. ಕಡ್ಡಿಪೆಟ್ಟಿಗೆ ಅವರೇ, ನಿಮಗಾದದ್ದು ಓದಿ ಸಂಕಟ ಆಯಿತು.

ಹುಡುಗಿಯ ಹತ್ತಿರ ಹೋಗುವುದು ನನ್ನ ತಲೆಗೇ ಬಂದಿರಲಿಲ್ಲ. ನನ್ನ ಭಯವೆಲ್ಲ ಮ್ಯಾನೇಜರ್ ಬಗ್ಗೆಯೇ ಇತ್ತು. ಏಣಿ ಬರೆದಿದ್ದೇನೆ. ಕೆಳಗಿನ ಮೆಟ್ಟಿಲು: ಮೀಟಿಂಗಿನಲ್ಲಿ ಮೊದಲ ಐದು ನಿಮಿಷದಲ್ಲಿ ಒಂದು ಪ್ರಶ್ನೆ. ಅದರ ಮೇಲಿನದು ಅವಳ ಜೊತೆ ಮಾತು. ಅಣ್ಣನಿಗೆ ಇಲ್ಲ ಅನ್ನುವುದು ಮೇಲಿನ ಮೆಟ್ಟಿಲು. ಆಫೀಸಿಗಿಂತ ಅದೇ ಕಷ್ಟ ಎಂದು ಬರೆದಾಗಲೇ ಗೊತ್ತಾಯಿತು.

ಕೊನೆಬೆಂಚು

ಮಾತು ಬಾರದವರಿಗೆ ಗಾಂಧೀಜಿ ಒಬ್ಬರು ಸಾಕು. ವಕೀಲರಾಗಿ ಬಾಂಬೆಯ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ತಲೆ ತಿರುಗಿದಂತಾಗಿ, ಒಂದು ಪ್ರಶ್ನೆಯೂ ಬಾಯಿಗೆ ಬರದೆ ಕೂತುಬಿಟ್ಟರು. ಪಡೆದ ಶುಲ್ಕ ವಾಪಸ್ ಕೊಟ್ಟರು. ಕೆಲವೇ ವರ್ಷಗಳಲ್ಲಿ, 1893ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾಕ್ಕೆ ಹೋದಾಗ ಅಲ್ಲಿನ ಭಾರತೀಯ ವ್ಯಾಪಾರಿಗಳ ಸಭೆಯಲ್ಲಿ ಮಾತಾಡಿದರು. ಅದೇ ತಮ್ಮ ಮೊದಲ ಸಾರ್ವಜನಿಕ ಭಾಷಣ ಅನ್ನಬಹುದು ಎಂದು ಅವರೇ ಬರೆದಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ಚೆನ್ನಾಗಿ ತಯಾರಿ ಮಾಡಿಕೊಂಡು ಹೋಗಿದ್ದರಂತೆ. ತಮಗೆ ಮುಖ್ಯ ಅನಿಸಿದ ವಿಷಯ, ಜೊತೆಗೆ ತಯಾರಿ. ನಾಚಿಕೆ ಸ್ವಭಾವದವರಿಗೆ ಈ ಎರಡೂ ದೊಡ್ಡ ಆಸರೆ.

ಒಂದು ಸಣ್ಣ ಉಪಾಯ ನನ್ನದು. ಎದೆ ಹೊಡೆದುಕೊಳ್ಳುವಾಗ ‘ಶಾಂತವಾಗಿರು’ ಎಂದು ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ‘ಮೈ ತಯಾರಾಗುತ್ತಿದೆ’ ಅಂದುಕೊಳ್ಳುತ್ತೇನೆ. ಹೆದರಿದಾಗಲೂ ಹುರುಪಿನಲ್ಲಿದ್ದಾಗಲೂ ಎದೆಬಡಿತ ಏರುತ್ತದೆ. ಭಾಷಣದ ಮೊದಲು ‘ನನಗೆ ಉತ್ಸಾಹ ಬಂದಿದೆ’ ಅಂದುಕೊಂಡವರು ‘ನಾನು ಶಾಂತವಾಗಿದ್ದೇನೆ’ ಅಂದುಕೊಂಡವರಿಗಿಂತ ಚೆನ್ನಾಗಿ ಮಾತಾಡಿದರು ಎಂದು ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ತೋರಿಸಿದ್ದಾರೆ.

ಮಗ್ಗುಲಮನೆ

ಅಣ್ಣನ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಜೊತೆ ನನಗೂ ಇದೇ ಆಗಿತ್ತು. ನನ್ನ ತಪ್ಪು ಏನೆಂದರೆ ಕಾರಣ ಕೊಡುತ್ತಿದ್ದೆ. ಈ ತಿಂಗಳು ಕಂತು ಇದೆ ಅಂದರೆ, ಹಾಗಾದರೆ ಮುಂದಿನ ತಿಂಗಳು ಕೊಡು ಅನ್ನುತ್ತಿದ್ದಳು. ಒಂದೊಂದು ಕಾರಣಕ್ಕೂ ಅವಳ ಹತ್ತಿರ ಒಂದೊಂದು ಪರಿಹಾರ. ಕೊನೆಗೆ ‘ನನ್ನಿಂದ ಆಗುವುದಿಲ್ಲ ಕಣೇ, ಬೇಜಾರು ಮಾಡಿಕೊಳ್ಳಬೇಡ’ ಅಂದೆ. ಅಷ್ಟೇ ಅಂದು ನಿಲ್ಲಿಸಿದೆ. ನಂತರದ ಮೌನ ತುಂಬ ಭಾರವಾಗಿತ್ತು. ಅದನ್ನು ತುಂಬಲು ಏನಾದರೂ ಹೇಳಬೇಕು ಅಂತ ಬಾಯಿ ತುರಿಸುತ್ತಿತ್ತು. ತಡೆದುಕೊಂಡೆ. ಎರಡು ವಾರ ಮಾತು ಬಿಟ್ಟಳು. ಈಗ ಮೊದಲಿಗಿಂತ ಚೆನ್ನಾಗಿದ್ದೇವೆ.

ಇದನ್ನು ಓದುವ ಯಾರಿಗಾದರೂ ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಒಂದು ಮಾತು. ಈ ಏಣಿ, ಮೆಟ್ಟಿಲು ಯಾವುದೂ ನಿಮಗಲ್ಲ. ನಿಮ್ಮ ಭಯ ನಿಜವಾದ ಅಪಾಯವನ್ನೇ ಹೇಳುತ್ತಿದೆ. ಒಬ್ಬರೇ ಎದುರು ನಿಲ್ಲಲು ಹೋಗಬೇಡಿ. ನಂಬಿಕೆಯವರಿಗೆ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ, ಮೊದಲು ಸುರಕ್ಷಿತ ಜಾಗ ಸೇರಿಕೊಳ್ಳಿ.

ರಾತ್ರಿಪಾಳಿ

ಮಗ್ಗುಲಮನೆ ಅವರೇ, ಕೊನೆಯ ಮಾತು ಬರೆದದ್ದಕ್ಕೆ ಧನ್ಯವಾದ. ತುಂಬ ಬೇಕಿತ್ತು.

ಲೆಕ್ಕದಪುಸ್ತಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಮೊದಲ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಮುಂದಿನ ವರದಿ ಯಾವ ದಿನಕ್ಕೆ ಬೇಕು, ಅಷ್ಟೇ. ಎರಡನೇ ಮೀಟಿಂಗಿನಲ್ಲಿ ಕೇಳಲು ಆಗಲಿಲ್ಲ. ಮೂರನೆಯದರಲ್ಲಿ ಕೇಳಿದೆ.

ಆಮೇಲೆ ಆ ಹುಡುಗಿಯನ್ನು ಕರೆದು ಹೇಳಿದೆ. ‘ಅವತ್ತು ತಪ್ಪು ನಿನ್ನದಲ್ಲ ಅಂತ ನನಗೆ ಗೊತ್ತಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸು.’ ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಕೆಲಸ ಬಿಡಬೇಕು ಅಂತ ಪತ್ರ ಬರೆದಿಟ್ಟಿದ್ದಳಂತೆ. ಇದನ್ನು ಕೇಳಿ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು.

ಮಾರನೇ ದಿನ ಇಬ್ಬರೂ ಒಟ್ಟಿಗೆ ಮ್ಯಾನೇಜರ್ ಕೋಣೆಗೆ ಹೋದೆವು. ಕಡ್ಡಿಪೆಟ್ಟಿಗೆ ಅವರು ಹೇಳಿದಂತೆ ಹಳೆಯ ಮೇಲ್ ತೆಗೆದಿಟ್ಟುಕೊಂಡಿದ್ದೆ. ಹಳೇಸೈಕಲ್ ಸರ್ ಹೇಳಿದ ಕ್ರಮದಲ್ಲಿ ನಾಲ್ಕು ವಾಕ್ಯ ಚೀಟಿಯಲ್ಲಿ ಬರೆದುಕೊಂಡಿದ್ದೆ. ಚೀಟಿ ಹಿಡಿದ ಕೈ ನಡುಗುತ್ತಿತ್ತು, ಅವರಿಗೂ ಕಾಣುತ್ತಿತ್ತು. ಮುಚ್ಚಿಡಲು ಹೋಗಲಿಲ್ಲ. ಓದಿದೆ. ಅವರು ಮೇಲ್ ನೋಡಿದರು. ‘ಅವತ್ತೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದರು. ‘ಹೆದರಿದ್ದೆ ಸರ್’ ಅಂದೆ. ಅದನ್ನು ಹೇಳಿದಾಗ ಎದೆಯ ಮೇಲಿನ ಭಾರ ಅರ್ಧ ಇಳಿಯಿತು.

ಸಂಜೆ ಎಲ್ಲರಿಗೂ ಒಂದು ಮೇಲ್ ಬಂತು. ಮೂಲ ಅಂಕಿಗಳಲ್ಲೇ ತಪ್ಪಿತ್ತು, ವರದಿ ಸಿದ್ಧ ಮಾಡಿದವರದ್ದಲ್ಲ ಎಂದು ಒಂದೇ ಸಾಲು. ಕ್ಷಮೆ ಅನ್ನುವ ಪದ ಇರಲಿಲ್ಲ. ಮ್ಯಾನೇಜರ್ ನನ್ನ ಜೊತೆ ಮೊದಲಿನ ಹಾಗೆ ಮಾತಾಡುತ್ತಿಲ್ಲ, ಅದೂ ನಿಜ. ಮುಂದೆ ಏನಾಗುತ್ತದೋ ನೋಡಬೇಕು. ಖರ್ಚಿಗೆ ದುಡ್ಡು ಕೂಡಿಡಲು ಶುರು ಮಾಡಿದ್ದೇನೆ.

ಅಣ್ಣನಿಗೆ ಇನ್ನೂ ಹೇಳಿಲ್ಲ. ಭಾನುವಾರ ಬರುತ್ತಾನೆ.

ನಿನ್ನೆಯ ಮೀಟಿಂಗಿನಲ್ಲಿ ಇನ್ನೊಂದು ಆಯಿತು. ಆ ಹುಡುಗಿ ನನ್ನ ಎದುರಿಗೆ ಕೂತಿದ್ದಳು. ಒಂದು ಅಂಕಿ ಬಂದಾಗ ಕೈ ಎತ್ತಿ, ‘ಇದು ಕಳೆದ ತಿಂಗಳಿನದು ಅನಿಸುತ್ತಿದೆ, ಒಮ್ಮೆ ನೋಡೋಣವೇ’ ಅಂದಳು. ಎಲ್ಲರೂ ಸುಮ್ಮನಾದರು. ‘ಹೌದು, ನನಗೂ ಹಾಗೇ ಕಾಣುತ್ತಿದೆ’ ಅಂದೆ. ಚೀಟಿ ಇರಲಿಲ್ಲ.

ಎರಡನೇಗೇರ್

ಭಾನುವಾರ ರಾತ್ರಿ ಇಲ್ಲಿ ಬರೆಯಿರಿ. ಹೇಳಿದರೂ ಬರೆಯಿರಿ, ಹೇಳದಿದ್ದರೂ ಬರೆಯಿರಿ. ನಾನು ಎದ್ದಿರುತ್ತೇನೆ.